ತಿಥಿಯಾದವನ ಹೆಸರು

ನನ್ನ ಸೋದರಮಾವನಿಗೆ ಒಬ್ಬ ಅಣ್ಣ ಇದ್ದ, ವಿಮಾನಪಡೆಗೆ ಸೇರಿ ಬಾಂಗ್ಲಾ ಯುದ್ಧದಲ್ಲಿ ತೀರಿಕೊಂಡ ಎಂದೇ ನಾನು ಚಿಕ್ಕವಳಿದ್ದಾಗ ನಂಬಿದ್ದೆ. ನಂಬದೆ ಏನು ಮಾಡಲಿ? ಮಾವ ಹೇಳುತ್ತಿದ್ದದ್ದೇ ಹಾಗೆ. ಮಧ್ಯಾಹ್ನ ಮುದ್ದೆ ಉಂಡು, ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡು, "ಅಂವ ಇದ್ನಲ್ಲ ಕಣವ್ವ, ಅಂವ..." ಎಂದು ಶುರು ಮಾಡುತ್ತಿದ್ದರು. ಅವನು ಊರಗಲದ ಬಿಳಿ ಬಟ್ಟೆಗಳನ್ನು ಮಡಿಸುತ್ತಿದ್ದನಂತೆ. ಆ ಬಟ್ಟೆಗಳನ್ನು ಒಣಗಿಸಲೆಂದೇ ಒಂದು ಗೋಪುರವಿತ್ತಂತೆ, ಒಳಗೆ ನಿಂತು ತಲೆ ಎತ್ತಿದರೆ ಬಿಳುಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಂತೆ. ಅವನಿಗೆ ಹೆಸರಿರಲಿಲ್ಲ. ಗೋಡೆಯ ಮೇಲೆ ಅವನ ಪಟವೂ ಇರಲಿಲ್ಲ. ಒಳಗಿನಿಂದ ಅತ್ತೆಯ ಹೆಜ್ಜೆ ಸಪ್ಪಳ ಕೇಳಿದರೆ ಕಥೆ ಅಲ್ಲಿಗೇ ನಿಂತು, ಮಾವ ಗೊರಕೆ ಶುರು ಮಾಡುತ್ತಿದ್ದರು. ಸುಳ್ಳು ಗೊರಕೆ. ಅದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ದಿನ ಹೂವಿನ ಹೊಲದಲ್ಲಿ ಚೆಂಡುಹೂ ಬಿಡಿಸುತ್ತಿರುವಾಗ ಅವ್ವನನ್ನು ಕೇಳಿದೆ, ಸತ್ತ ದೊಡ್ಡಮಾವನನ್ನು ಎಲ್ಲಿ ಮಣ್ಣು ಮಾಡಿದರು ಎಂದು. ಅವ್ವ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಮಣ್ಣು ಮಾಡಿದ್ದು ಗದ್ದೆ ಬದೀಲಿ. ಆದ್ರೆ ಅಂವ್ನೇ ಇಂವ ಕಣೆ, ನಿಮ್ಮಾವ. ಯಾರ್ಗೂ ಯೋಳ್ಬ್ಯಾಡ" ಎಂದಳು. ಹೂವಿನ ಬುಟ್ಟಿ ಕೆಳಗಿಟ್ಟು ಕೂತುಬಿಟ್ಟೆ.

ನಡೆದದ್ದು ಇಷ್ಟು. ಯುದ್ಧ ಶುರುವಾಗುವ ಹೊತ್ತಿಗೆ ಮಾವನ ತುಕಡಿಯನ್ನು ಎಲ್ಲಿಗೋ ಮುಂದಕ್ಕೆ ಕಳಿಸಿದರು. ಭಾರದ ಸಾಮಾನು ಕೂಡದು, ಮನೆಗೆ ಕಳಿಸಿಕೊಳ್ಳಿ ಎಂದರು. ಮಾವ ತಮ್ಮ ತಗಡಿನ ಪೆಟ್ಟಿಗೆಯನ್ನು ರೈಲಿಗೆ ಹಾಕಿಸಿದರು. ಅದು ಚಾಮರಾಜನಗರದ ಸ್ಟೇಷನ್ನಿಗೆ ಬಂದು, ಅಲ್ಲಿಂದ ಬೆಲ್ಲ ಮಾರಲು ಹೋದವರ ಗಾಡಿಯಲ್ಲಿ ನಮ್ಮೂರು ಗೆಟ್ಟವಾಡಿಗೆ ಬಂತು. ಜೊತೆಗೆ ಕಾಗದವಿಲ್ಲ, ಮಾತಿಲ್ಲ. ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದ, ಮಾವ ಕೆಲಸಕ್ಕಿದ್ದ ಊರಿನ ಮೇಲೆ ಬಾಂಬು ಬಿತ್ತೆಂದು ಅಂಗಡಿಯ ರೇಡಿಯೋ ಅದೇ ವಾರ ಹೇಳಿತ್ತು. ನಮ್ಮ ಕಡೆ ಹೊರಗೆ ದುಡಿಯಲು ಹೋದವನ ಬಟ್ಟೆಬರೆ ಅವನಿಗಿಂತ ಮುಂಚೆ ಮನೆಗೆ ಬಂತು ಎಂದರೆ ಅರ್ಥ ಒಂದೇ. ಹಿರಿಯರು ಪೆಟ್ಟಿಗೆಯನ್ನು ಒಳಗೆ ತರಲು ಬಿಡಲಿಲ್ಲ. ಅಂಗಳದಲ್ಲೇ ಬೀಗ ಒಡೆದು, ಮಾವನ ಪಂಚೆಯೊಂದನ್ನು ತೆಗೆದು ಹುಲ್ಲಿನ ಗೊಂಬೆಗೆ ಉಡಿಸಿ, ಗದ್ದೆಯ ಬದಿಯಲ್ಲಿ ಮಣ್ಣು ಮಾಡಿದರು. ತಿಥಿ ಆಯಿತು. ಊರೆಲ್ಲ ಉಂಡಿತು. ಮದುವೆಯಾಗಿ ಇನ್ನೂ ವರ್ಷ ತುಂಬದ ಅತ್ತೆಯ ಬಳೆ ಒಡೆದರು, ತಾಳಿ ತೆಗೆದರು.

ಯುದ್ಧ ಮುಗಿದ ಮೇಲೆ ಮಾವ ರಜೆ ಸಿಕ್ಕಿತೆಂದು ಬಸ್ಸಿಳಿದು ನಡೆದು ಬಂದರು. ಊರ ಬಾಗಿಲಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಅವರನ್ನು ಕಂಡು ಹುಣಸೆಮರ ಹತ್ತಿಬಿಟ್ಟನಂತೆ. ದೆವ್ವಕ್ಕೆ ಮರ ಹತ್ತಲು ಬಾರದು ಎಂದು ಅವನಿಗೆ ಯಾರು ಹೇಳಿದ್ದರೋ. ನನ್ನ ಅಜ್ಜಿ ಓಡಿಬಂದು, ಮಗನನ್ನು ಅಪ್ಪಿಕೊಳ್ಳದೆ, ಮಾರು ದೂರದಲ್ಲೇ ನಿಂತು, "ಒಳಿಕ್ಕೆ ಕಾಲಿಡ್ಬ್ಯಾಡ ಕಣಪ್ಪಾ" ಎಂದು ಅತ್ತಳಂತೆ.

ತಿಥಿಯಾದವನು ಹಾಗೇ ಹೊಸ್ತಿಲು ದಾಟುವ ಹಾಗಿಲ್ಲ. ಅವನು ಮತ್ತೆ ಹುಟ್ಟಬೇಕು. ಮಾವನನ್ನು ಹಿತ್ತಲಿನಿಂದ, ದನದ ಕೊಟ್ಟಿಗೆಯ ಬಾಗಿಲಿನಿಂದ ಒಳಗೆ ತಂದರು. ಅರಿಶಿನದ ನೀರು ಹುಯ್ದರು. ಕರಿಕಂಬಳಿಯೊಂದನ್ನು ತೊಲೆಗೆ ಜೋಲಿ ಕಟ್ಟಿ, ಮೀಸೆ ಹೊತ್ತ ಆ ಗಂಡಸನ್ನು ಅದರಲ್ಲಿ ಮಲಗಿಸಿ, ನಾಲಿಗೆಗೆ ಜೇನು ಸವರಿ, ಮುದುಕಿಯರು ಜೋಗುಳ ಹಾಡಿ ತೂಗಿದರು. ಅವರ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೊಸ ಹೆಸರು ಹೇಳಿದಳು. ನಗಬಾರದು ಅಂದುಕೊಂಡವರೆಲ್ಲ ನಕ್ಕರಂತೆ. ಮಾವ ಮಾತ್ರ ಕಂಬಳಿಯೊಳಗೆ ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದರಂತೆ. ಮರುದಿನ ದೇವಸ್ಥಾನದ ಮುಂದೆ ಅದೇ ಹೆಂಡತಿಗೆ ಹೊಸದಾಗಿ ತಾಳಿ ಕಟ್ಟಿದರು. ಆಮೇಲೆ ಅಜ್ಜಿ ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದಳು: ಹಳೆಯ ಹೆಸರನ್ನು ಯಾರೂ ಎತ್ತಕೂಡದು. ಆ ಹೆಸರಿನವನ ಲೆಕ್ಕ ಯಮನ ಹತ್ತಿರ ತೀರಿಹೋಗಿದೆ. ಯಾರಾದರೂ ಕೂಗಿದರೆ ಅವನಿಗೆ ನೆನಪಾದೀತು.

ಇದನ್ನು ನೆನೆದರೆ ನನಗೆ ನಗು ಬರುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಹೆಸರಿನ ಜೊತೆಗೆ ಆ ಹೆಸರಿನವನು ಕಂಡದ್ದು, ಕೇಳಿದ್ದು, ಹೆದರಿದ್ದು ಎಲ್ಲವೂ ಗದ್ದೆ ಬದಿಯ ಮಣ್ಣಿಗೆ ಹೋಯಿತು. ವಿಮಾನಪಡೆಯ ಕಾಗದಗಳಲ್ಲಿ ಹಳೆಯ ಹೆಸರು ಉಳಿದಿತ್ತು, ನಿಜ. ಆದರೆ ಅಲ್ಲಿ ಅದನ್ನು ಕೂಗುವವರು ಯಾರು? ದಕ್ಷಿಣದವರನ್ನೆಲ್ಲ ಅಲ್ಲಿ ಕರೆಯುವುದೇ "ಮದ್ರಾಸಿ" ಎಂದು. ಈಗ ಪಿಂಚಣಿಯೂ ಆ ಹೆಸರಿಗೇ ಬರುತ್ತದೆ, ಆದರೆ ಬ್ಯಾಂಕಿನವರು ಟೋಕನ್ ನಂಬರು ಕೂಗುತ್ತಾರೆಯೇ ಹೊರತು ಹೆಸರನ್ನಲ್ಲ. ಯಮನಿಗೆ ಸುಳಿವು ಸಿಗದ ಹಾಗೆ ಸರ್ಕಾರವೇ ಕಾಪಾಡಿತು ಅನ್ನಿ.

ನನ್ನದು ತಮಿಳುನಾಡಿಗೆ ಸೇರಿದ ತಾಳವಾಡಿಯಲ್ಲಿ ಒಂದು ಚಿಕ್ಕ ಡಿಟಿಪಿ ಅಂಗಡಿ. ತಾಲೂಕಾಪೀಸಿಗೆ ಕೊಡುವ ಮನು, ಅಂದರೆ ಅರ್ಜಿ, ಅದನ್ನು ತಮಿಳಿನಲ್ಲಿ ಹೊಡೆಯುತ್ತೇನೆ. ಮದುವೆ ಕಾರ್ಡು, ತಿಥಿ ಕಾರ್ಡು ಕನ್ನಡದಲ್ಲಿ. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಯಾರು ಕೂಡಿದರು, ಯಾರು ಹೋದರು ಎನ್ನುವುದು ಮೊದಲು ನನಗೆ ಗೊತ್ತಾಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಮಾವ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು, ಕೌಂಟರಿನ ಮೇಲಿದ್ದ ನನ್ನ ಟವೆಲನ್ನು ಕೈಗೆ ಸಿಕ್ಕಿದ ಹಾಗೆ ಮಡಿಸತೊಡಗಿದರು. ಅದು ಅವರ ಚಾಳಿ. ಅವರ ಮನೆಯಲ್ಲಿ ಗೋಣಿಚೀಲವೂ ಮೂಲೆಗೆ ಮೂಲೆ ಕೂಡಿಯೇ ಇರುತ್ತದೆ.

"ಅಂವನ ಕತೆ ಬರ್ದುಬುಡು" ಎಂದರು. "ನಂಗೆ ಮರ್ತೋಯ್ತಾ ಅದ. ನಾನು ಮರ್ತ್ರೆ ಅಂವ ದಿಟವಾಗೂ ಓಗ್ಬುಡ್ತಾನೆ."

ಮರೆವು ಶುರುವಾದದ್ದು ನನಗೂ ಗೊತ್ತಿತ್ತು. ಹಿಂದಿನ ವಾರ ತಾಳಮಲೆಯ ಕಡೆಯಿಂದ ಮಂಜು ಇಳಿದು ಕೋಸಿನ ಹೊಲವನ್ನೆಲ್ಲ ಮುಚ್ಚಿದ್ದಾಗ, ಅವರು ಬದುವಿನ ಮೇಲೆ ನಿಂತು, "ಯಾರವ್ವ ಇದ್ನ ಇಂಗೆ ಮುದುರಿ ಬುಟ್ಟವ್ರು?" ಎಂದು ಬೈಯುತ್ತಿದ್ದರು.

ಆವತ್ತಿನಿಂದ ಸಂತೆಯಿಲ್ಲದ ದಿನಗಳಲ್ಲಿ ಮಾವ ಬರುತ್ತಿದ್ದರು. ನಾನು ಮೊಬೈಲನ್ನು ಅವರ ಮುಂದಿಟ್ಟು ರೆಕಾರ್ಡ್ ಒತ್ತುತ್ತಿದ್ದೆ. ಕರೆಂಟು ಹೋದಾಗ ಅಂಗಡಿ ಅರೆಗತ್ತಲಾಗುತ್ತಿತ್ತು, ಹೊರಗೆ ತುಂತುರು, ಒಳಗೆ ಅವರ ಮೆಲ್ಲನೆಯ ದನಿ. ಆ ರೆಕಾರ್ಡುಗಳನ್ನು ಈಗ ಕೇಳಿದರೆ ನಡುನಡುವೆ ಬಸ್ಸಿನ ಹಾರ್ನು, ಯಾರೋ "ಅಕ್ಕಾ, ಜೆರಾಕ್ಸ್" ಅನ್ನುವುದು, ನಾನು ಗದರಿ ಕಳಿಸುವುದು ಎಲ್ಲ ಇವೆ. ಮಾವನ ಮಾತು ಅವುಗಳ ಕೆಳಗೆ ನೀರಿನ ಹಾಗೆ ಹರಿಯುತ್ತಲೇ ಇರುತ್ತದೆ.

ಪ್ಯಾರಾಚೂಟು ಮಡಿಸುವುದು ಅವನ ಕೆಲಸ. ಕೋಣೆಯುದ್ದಕ್ಕೂ ನುಣ್ಣನೆಯ ಮೇಜು. ಬಟ್ಟೆಯನ್ನು ಅದರ ಮೇಲೆ ಚೆಲ್ಲಿದರೆ ಒಂದು ಗಳಿಗೆ ಉಸಿರಾಡಿದಂತೆ ಉಬ್ಬಿ ನಿಲ್ಲುತ್ತಿತ್ತಂತೆ. ಆಮೇಲೆ ತಾನಾಗಿ ಇಳಿಯುತ್ತಿತ್ತು. ಇಳಿಯುವವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ಒಣ ಹವೆಯ ದಿನ ಅದನ್ನು ಸವರಿದರೆ ಕೈಮೇಲಿನ ರೋಮ ಎದ್ದು ನಿಲ್ಲುತ್ತಿತ್ತು. ಮಡಿಕೆ ಜಾರದ ಹಾಗೆ ಮೇಲೆ ಮರಳಿನ ಚಿಕ್ಕ ಚೀಲಗಳನ್ನಿಡಬೇಕು, ಕೊನೆಗೆ ಒಂದೂ ಒಳಗೆ ಉಳಿಯದ ಹಾಗೆ ತೆಗೆಯಬೇಕು. ಯುದ್ಧ ಶುರುವಾದ ಮೇಲೆ, ಮುಂದಿನ ನೆಲೆಯ ಅಂಥದೇ ಕೋಣೆಯಲ್ಲಿ, ಕಿಟಕಿಗಳಿಗೆ ಕರಿಕಾಗದ ಅಂಟಿಸಿದರು. ಅವನು ಬೆರಳಲ್ಲೇ ನೋಡುವುದನ್ನು ಕಲಿತ. "ಎಲ್ಲಾ ಕೆಲ್ಸಗಾರ್ರೂ ತಾವು ಮಾಡಿದ್ದು ನಾಲ್ಕು ಜನಕ್ಕೆ ಬಳ್ಕೆಗೆ ಬರ್ಲಿ ಅಂತಾರೆ. ಅಂವ ಮಾತ್ರ ತಾನು ಮಡಿಸಿದ್ದನ್ನ ಯಾರೂ ಬಿಚ್ದೆ ಇರ್ಲಿ ಅಂತ ದ್ಯಾವ್ರಿಗೆ ಕೈ ಮುಗೀತಿದ್ದ" ಎಂದರು ಮಾವ.

ಮೇಲಿನಿಂದ ಶತ್ರುವಿನ ಕಣ್ಣಿಗೆ ಬೀಳದಿರಲೆಂದು ವಿಮಾನ ಇಳಿಯುವ ನೆಲದ ಮೇಲಿನ ಬಿಳಿಯ ಗೆರೆಗಳಿಗೆಲ್ಲ ಸಗಣಿ ಬಳಿಯಬೇಕಾಗಿ ಬಂತಂತೆ. ಉತ್ತರದ ಹುಡುಗರು ಮೂಗು ಮುಚ್ಚಿಕೊಂಡು, ಕಡ್ಡಿಯ ತುದಿಯಲ್ಲಿ ಬಳಿಯುತ್ತಿದ್ದರು. ಮಾವ ಇಲ್ಲಿ ಕಣ್ಣು ಬಿಟ್ಟು ನಕ್ಕರು. "ಗುಮಟಾಪುರದೋರ್ನ ಕರ್ಸಿದ್ರೆ ಒಂದ ಗಳ್ಗೆ ಕೆಲ್ಸ ಕಣವ್ವ. ಆದ್ರೆ ಅವ್ರು ಗೆರೆ ಬುಟ್ಟು ಆಪೀಸರ್ಗೇ ಒಡ್ದಿರೋರು." ದೀಪಾವಳಿ ಕಳೆದ ಮೇಲೆ ಬೀರೇಶ್ವರನ ಗುಡಿಯ ಹತ್ತಿರ ಸಗಣಿ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎರಚಿಕೊಂಡು ನಲಿಯುವ ಜನ ಅವರು. ಮಾವ ಹುಡುಗರಾಗಿದ್ದಾಗ ತಾವೂ ಅಲ್ಲಿ ಹೊಡೆದು ಹೊಡೆಸಿಕೊಂಡವರೇ.

ಹಾರಿಹೋದ ವಿಮಾನಗಳು ಹಿಂದಿರುಗುವ ಹೊತ್ತಿಗೆ ಎಲ್ಲರೂ ಕೆಲಸ ಮಾಡುವ ಹಾಗೆ ನಟಿಸುತ್ತ ಕಿವಿ ಹೊರಗಿಟ್ಟಿರುತ್ತಿದ್ದರಂತೆ. ಎಲ್ಲವೂ ಬಂದವೇ ಎಂದು ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಒಂದು ದಿನ ಒಂದು ಬರಲಿಲ್ಲ. ಅದನ್ನು ಹಾರಿಸುತ್ತಿದ್ದ ಅಧಿಕಾರಿ ಕೆಲವು ದಿನಗಳ ಮೇಲೆ ಜೀಪಿನಲ್ಲಿ ಬಂದ, ತೋಳಿಗೆ ಪಟ್ಟಿ ಕಟ್ಟಿಕೊಂಡು. ನೆಟ್ಟಗೆ ಆ ಉದ್ದ ಮೇಜಿನ ಕೋಣೆಗೆ ಬಂದು, ತನ್ನನ್ನು ಇಳಿಸಿದ ಪ್ಯಾರಾಚೂಟನ್ನು ಮಡಿಸಿದವರು ಯಾರು ಎಂದು ಕೇಳಿದ. ಮದ್ರಾಸಿ ಎಂದರು. ಮದ್ರಾಸಿ ಅಲ್ಲ, ಅವನ ಹೆಸರೇನು ಎಂದ. ಹೇಳಿದರು. ಆ ಅಧಿಕಾರಿ ಹೆಸರನ್ನು ಒಂದು ಸಲ ನಿಧಾನವಾಗಿ ಹೇಳಿದ, ಮರೆಯಬಾರದು ಎನ್ನುವ ಹಾಗೆ ಇನ್ನೊಂದು ಸಲ ಹೇಳಿದ. ಮೇಜಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತು ಹೋದ.

"ಎರಡು ಸಲ ಯೋಳ್ದ ಕಣವ್ವ" ಎಂದರು ಮಾವ. "ಆಮ್ಯಾಕೆ ಯಾರೂ ಯೋಳ್ನಿಲ್ಲ."

ಅದೇ ಹೊತ್ತಿಗೆ ಊರಿನಲ್ಲಿ ತಿಥಿ ನಡೆಯುತ್ತಿತ್ತೇನೋ ಎಂದು ಅವರಿಗೆ ಒಂದು ಗುಮಾನಿ. ಲೆಕ್ಕ ಹಾಕಲು ನಾನು ಹೋಗಲಿಲ್ಲ. ಆ ಮಧ್ಯಾಹ್ನ ಅವರನ್ನು ಬಸ್ಸಿಗೆ ಹತ್ತಿಸಿ ಬಂದು, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅಳುತ್ತ ಕೂತೆ. ಏಕೆ ಎಂದು ಯಾರಾದರೂ ಕೇಳಿದ್ದರೆ ಹೊಡೆದೇಬಿಡುತ್ತಿದ್ದೆ.

ಟೈಪು ಮಾಡುತ್ತ ಮಾಡುತ್ತ ನನಗೂ ಅದರ ಗುಂಗು ಹತ್ತಿತು. ಯಾರದೋ ಮದುವೆ ಕಾರ್ಡಿನ ಅಂಚು ಸರಿಪಡಿಸುವಾಗ ಕಣ್ಣ ಮುಂದೆ ಆ ಗೋಪುರ, ಅದರಲ್ಲಿ ಇಳಿಬಿದ್ದು ಗಾಳಿಯಿಲ್ಲದೆಯೂ ಮೆಲ್ಲನೆ ತೂಗುವ ಬಿಳುಪು. ಜೋಲಿಯಲ್ಲಿ ಮಲಗಿದ್ದಾಗ ಏನು ನೆನೆದಿರಿ ಎಂದು ಮಾವನನ್ನು ಕೇಳಿದ್ದೆ. ತಾನು ಕಟ್ಟಿದ ಹಗ್ಗಗಳಿಗೆ ತಾನೇ ನೇತುಬಿದ್ದು, ಯಾವುದೋ ಹೊಲದ ಕಡೆಗೆ, ಎಷ್ಟು ಹೊತ್ತಾದರೂ ನೆಲ ಸಿಗದೆ ಇಳಿಯುತ್ತಿರುವ ಹಾಗಿತ್ತು ಎಂದರು. ಅದನ್ನೂ ಬರೆದುಕೊಂಡೆ.

ಚಾಮರಾಜನಗರದ ಒಂದು ಮುದ್ರಣಾಲಯದವರು ಅಚ್ಚು ಹಾಕಲು ಒಪ್ಪಿದರು. ಮುಖಪುಟಕ್ಕೆ ಬರೆದವರ ಹೆಸರು ಕಳಿಸಿ ಎಂದರು. ಮಾವನನ್ನು ಕೇಳಿದರೆ, ಕಣ್ಣು ಮಿಟುಕಿಸದೆ ಹಳೆಯ ಹೆಸರು ಹೇಳಿದರು. ಅವರ ಬಾಯಿಂದ ಅದನ್ನು ನಾನು ಕೇಳಿದ್ದು ಅದೇ ಮೊದಲು. "ಕೆಲ್ಸ ಮಾಡ್ದಂವ ಅಂವ. ನಾನು ಎಮ್ಮೆ ಕಾದಂವ. ನನ್ನೆಸ್ರು ಯಾಕೆ?"

ಸುದ್ದಿ ಅತ್ತೆಗೆ ಹೇಗೆ ಮುಟ್ಟಿತೋ, ಗಾಳಿಗೆ ಗೊತ್ತು. ಯಾವತ್ತೂ ನನ್ನ ಅಂಗಡಿಯ ಮೆಟ್ಟಿಲು ಹತ್ತದವರು ಮರುದಿನವೇ ಬಂದು, ಗಿರಾಕಿಗಳ ಎದುರೇ, "ತಿಥಿ ಕಾರ್ಡ್ ಒಡ್ಯೋಳಲ್ವಾ ನೀನು? ನಿಮ್ಮಾವಂದೂ ಒಂದ ಒಡ್ಕೊಂಡ್ಬುಡು ಮತ್ತೆ" ಎಂದರು. ನನ್ನ ನಾಲಿಗೆಗೂ ಮೂಳೆಯಿಲ್ಲ. "ಅತ್ತೆ, ಯಮ ಪುಸ್ತಕ ಓದಿಕೊಂಡು ಬರ್ತಾನಾ? ನಮ್ಮೂರಲ್ಲಿ ಪೇಪರ್ ಓದೋರೇ ದಿಕ್ಕಿಲ್ಲ!" ಎಂದೆ. ಕೂತಿದ್ದವರು ನಕ್ಕರು.

ಅತ್ತೆ ನಗಲಿಲ್ಲ. ಬಳೆಗಳನ್ನು ಮೊಳಕೈಗೆ ಸರಿಸಿ ಮಣಿಕಟ್ಟು ಮುಂದೆ ಮಾಡಿದರು. ಬಳೆಯ ಚೂರು ಹೊಕ್ಕ ಗಾಯದ ಕಲೆ, ಚರ್ಮ ಸುಕ್ಕಾದರೂ ಅದು ಮಾತ್ರ ನಯವಾಗಿ ಉಳಿದಿತ್ತು.

"ಕಲ್ಲಿನ ಮ್ಯಾಲೆ ಕೈ ಮಡಗಿ ಕುಟ್ಟುದ್ರು. ನಿಮ್ಮಾವನ ಮೊಕ ನಂಗೆ ಸರ್ಯಾಗಿ ನೆಪ್ಪೇ ಇರ್ನಿಲ್ಲ ಕಣವ್ವ. ಯಾರ್ಗೋಸ್ಕರ ಅಳ್ಬೇಕೋ ಗೊತ್ತಾಗ್ನಿಲ್ಲ, ಆದ್ರೂ ಅತ್ಕೊಂಡೆ. ಇನ್ನೊಂದ್ಸಲ ಅಳ್ಬೇಕಾದ್ರೆ ಈಗ ನಂಗೆ ಚೆನ್ನಾಗ್ ಗೊತ್ತು ಯಾರ್ಗೆ ಅಂತ. ಅದ್ಕೇ ಬ್ಯಾಡ."

ನಾನು ಅತ್ತೆಯನ್ನು ಮೂಢನಂಬಿಕೆಯವಳು ಎಂದುಕೊಂಡಿದ್ದೆ. ಅದು ಬರೀ ಪ್ರೀತಿ ಆಗಿತ್ತು, ಅದಕ್ಕೆ ಅಜ್ಜಿಯ ಅಪ್ಪಣೆಯೊಂದು ನೆಪ.

ಮಾವನಿಗೆ ಹೇಳಿದೆ. "ಬ್ಯಾಡ ಬುಡು" ಎಂದರು. ಹೊಸ ಹೆಸರಿನಲ್ಲಾದರೂ ಹಾಕೋಣ ಎಂದರೆ ತಲೆಯಾಡಿಸಿಬಿಟ್ಟರು, ಕಂಡವರ ಗೇಯ್ಮೆಗೆ ತಾನು ಹೆಸರು ಹಾಕಿಕೊಳ್ಳುವುದಿಲ್ಲ ಎಂದರು. ಆಮೇಲೆ ಅಂಗಡಿಗೆ ಬರುವುದನ್ನು ಬಿಟ್ಟರು. ಪುಸ್ತಕ ನನ್ನ ಕಂಪ್ಯೂಟರಿನಲ್ಲಿ ಮುಖಪುಟವಿಲ್ಲದೆ ಮಲಗಿತು. ಮುದ್ರಣಾಲಯದಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ.

ಅವರೆಕಾಯಿಯ ಕಾಲ ಬಂತು. ಒಂದು ಭಾನುವಾರ ಅವರ ಮನೆಗೆ ಹೋದಾಗ ಮಾವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಬಹಳ ವಿನಯದಿಂದ, ಯಾರೋ ಅಪರಿಚಿತಳನ್ನು ಕೇಳುವ ಹಾಗೆ ಕೇಳಿದರು: "ಬಿಳಿ ಬಟ್ಟೆ ಮಡಿಸ್ತಿದ್ದಂವ ಒಬ್ಬ ಇದ್ನಲ್ಲ, ಯಾರವ್ವ ಅಂವ?" ನಾನು ಉತ್ತರ ಹುಡುಕುವಷ್ಟರಲ್ಲಿ ಪ್ರಶ್ನೆಯನ್ನೇ ಮರೆತು, ಕರುವಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದರು.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಮಾವನ ಮಾತು ಅವರಿಗೂ ಕೇಳಿಸಿತ್ತು, ಕೈ ನಿಂತಿತ್ತು. ನಾನು ಪಕ್ಕದಲ್ಲಿ ಕೂತೆ. "ಅತ್ತೆ, ಪುಸ್ತಕ ಬೇಡ ಅಂದರೆ ಬೇಡ. ಅಳಿಸಿಬಿಡ್ತೀನಿ. ಆದರೆ ಅದರಲ್ಲಿ ಏನಿದೆ ಅಂತ ಒಂದು ಸಲ ನೀನು ಕೇಳಿಸಿಕೊಂಡುಬಿಡು" ಎಂದೆ. ಬೇಡ ಎನ್ನಲಿಲ್ಲ. ಅವರಿಗೆ ಓದು ಬರದು. ನಾನು ಮೊಬೈಲು ತೆರೆದು ಓದಿದೆ. ಮೇಜು, ಉಬ್ಬಿ ಇಳಿಯುವ ಬಟ್ಟೆ, ಕರಿಕಾಗದದ ಕಿಟಕಿ. ಸಗಣಿಯ ಕಡೆ ಬಂದಾಗ ಅವರ ಬಾಯಂಚು ಸ್ವಲ್ಪ ಸಡಿಲವಾಯಿತು. ಆ ಅಧಿಕಾರಿ ಬಂದ ಪುಟ ಓದಿದೆ. ಹೆಸರಿದ್ದ ಕಡೆ ನಿಲ್ಲಿಸಿ, ಅದನ್ನು ಬಿಟ್ಟು ಮುಂದೆ ಓದಿದೆ. ಎರಡು ಸಲ ಹೇಳಿದ, ಆಮೇಲೆ ಯಾರೂ ಹೇಳಲಿಲ್ಲ ಎನ್ನುವಲ್ಲಿಗೆ ಮುಗಿಸಿದೆ.

ಬಿಸಿಲು ಎಳೆಯದಾಗಿತ್ತು, ಬೆಟ್ಟದ ಕಡೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಅತ್ತೆ ಬಿಡಿಸಿದ ಕಾಳನ್ನು ಮೊರದಲ್ಲಿ ಅತ್ತ ಇತ್ತ ಸರಿಸುತ್ತ, "ಬೇರೆ ಯಾರೋ ಕರ್ದ್ರು. ನಾನು ಕರೀನಿಲ್ಲ" ಎಂದರು, ತಮಗೇ ಹೇಳಿಕೊಳ್ಳುವ ಹಾಗೆ.

ನಮ್ಮ ಕಡೆ ಅವರ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೊಸ ಹೆಸರನ್ನೇ ಅತ್ತೆ ಈವರೆಗೆ ಒಂದು ಸಲವೂ ಆಡಿದವರಲ್ಲ. ಅವರು ಮೊರವನ್ನು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಹಿತ್ತಲಿನ ಬಾಗಿಲ ಕಡೆ ತಿರುಗಿ, ಹಳೆಯ ಹೆಸರನ್ನು ಗಟ್ಟಿಯಾಗಿ ಕೂಗಿದರು. ಹೊಲದಾಚೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. ಕೂಗಿದವರೇ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

"ಓ... ಬಂದೆ" ಎಂದಿತು ಕೊಟ್ಟಿಗೆ.

ಸ್ವಲ್ಪವೂ ತಡವರಿಸದ ದನಿ. ಆಮೇಲೆ ಹುಲ್ಲು ಕೊಚ್ಚುವ ಸದ್ದು ನಿಂತಿತು. ಮಾವ ಕೈಗೆ ಅಂಟಿದ್ದ ಹುಲ್ಲನ್ನು ಕೊಡವುತ್ತ, ಅವಸರವಿಲ್ಲದೆ, ಹಿತ್ತಲಿನ ಬಾಗಿಲಿನಿಂದ ಒಳಗೆ ಬಂದು ನಿಂತರು. ಮುಖದಲ್ಲಿ ಯಾರೋ ಬಹಳ ದೂರದಿಂದ ಕರೆದದ್ದನ್ನು ಕೇಳಿಸಿಕೊಂಡು ಬಂದವರ ಬೆರಗು. ಅತ್ತೆ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದರು.

"ಅಂವನೂ ಬದ್ಕವ್ನೆ ಕಣವ್ವ" ಎಂದರು ನನಗೆ. "ಎಸ್ರ ಆಕ್ಬುಡು."